ಸಂಗೀತಬೋಧನೆಯಲ್ಲಿ ಡಾಕ್ಟರೇಟ್: ಅರ್ಜಿಗೆ ಮುನ್ನ

ವಾದ್ಯವನ್ನು ನುಡಿಸುವ ಶಕ್ತಿ ಬೇರೆ. ಅದನ್ನು ಕಲಿಸುವ ಕ್ರಮವನ್ನು ಶೋಧಿಸುವ ಶಕ್ತಿ ಬೇರೆ. ಸಂಗೀತಬೋಧನೆಯಲ್ಲಿ ಡಾಕ್ಟರೇಟಿಗೆ ಅರ್ಜಿ ಸಲ್ಲಿಸುವವರು ಮೊದಲು ಅರಿಯಬೇಕಾದ ಭೇದವಿದು. ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಪಿಯಾನೋ ಬೋಧನೆಯೇ ಒಂದು ಸಂಶೋಧನ ವಿಷಯ. ಅಲ್ಲಿ ಅಭ್ಯರ್ಥಿಯ ವಾದನವನ್ನಷ್ಟೇ ಅಲ್ಲದೆ, ಆತನು ಪಾಠ ಹೇಳುವ ರೀತಿಯನ್ನೂ ಪ್ರೌಢ ಬರೆಹವನ್ನೂ ಪರಿಶೀಲಿಸುವುದುಂಟು.

ಕೊಡಗಿನ ವಿದ್ಯಾರ್ಥಿಗೆ ಇದೇ ಬಗೆಯ ವಿಷಯ ಮನೆಯಂಗಳದಲ್ಲಿಯೇ ಇದೆ. ಬಾಳೊಪಾಟ್‌ನಲ್ಲಿ ನಾಲ್ವರು ದುಡಿ ಹಿಡಿದು ಹಾಡುವರು. ಇಬ್ಬರು ಹಾಡಿದುದನ್ನು ಉಳಿದಿಬ್ಬರು ಮರಳಿ ಹಾಡುವರು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಇಂತಹ ಹಾಡುಗಳ ಪದಗಳನ್ನು ಉಳಿಸಿತು. ಆದರೆ ದುಡಿಯ ಪೆಟ್ಟು ಹೊತ್ತಗೆಯಿಂದ ಬರುವ ವಿದ್ಯೆಯಲ್ಲ. ಪಿಯಾನೋ ಬೋಧಕನಿಗೆ ಮುದ್ರಿತ ಸ್ವರಲಿಪಿಯೂ ಶ್ರೇಣೀಕೃತ ಪಾಠಗಳೂ ಇವೆ. ದುಡಿ ಕಲಿಯುವವನು ನೆಚ್ಚಬೇಕಾದುದು ಜೊತೆಗಾರರನ್ನು. ‘ಕೊಡಗಿನ ಸಂಗೀತದ ಅಧ್ಯಯನ’ ಎಂಬುದು ಬರಿಯ ಶೀರ್ಷಿಕೆ; ‘ಲಿಪಿಯ ನೆರವಿಲ್ಲದೆ ಲಯವನ್ನು ಎಳೆಯರಿಗೆ ಯಾವ ಕ್ರಮದಲ್ಲಿ ಕಲಿಸುವರು?’ ಎಂಬುದು ಸಂಶೋಧನೆಯ ಪ್ರಶ್ನೆ. ಅರ್ಜಿಯ ಬಲವಿರುವುದು ಈ ಎರಡನೆಯದರಲ್ಲಿ.

ಇನ್ನು ಅರ್ಹತೆಯ ಮಾತು. ಯು.ಜಿ.ಸಿ.ಯ 2022ರ ನಿಯಮಗಳಂತೆ ಸ್ನಾತಕೋತ್ತರ ಪದವೀಧರರಿಗೆ ಸಾಮಾನ್ಯವಾಗಿ ಶೇಕಡ 55 ಅಂಕಗಳಿರಬೇಕು, ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಶ್ರೇಣಿಪತ್ರಗಳು ವಾದನಕ್ಕೆ ಸಾಕ್ಷಿಯೇ ಹೊರತು ಪದವಿಗೆ ಬದಲಲ್ಲ. ಉದ್ಯೋಗದಲ್ಲಿರುವ ಅಧ್ಯಾಪಕರು ತಮ್ಮ ಸಂಸ್ಥೆಯ ನಿರಾಕ್ಷೇಪಣಾ ಪತ್ರದೊಡನೆ ಅಂಶಕಾಲಿಕ ಅಭ್ಯರ್ಥಿಗಳಾಗಬಹುದು.

ದುಡಿ ಕಲಿಸಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಇಂತಹ ಅರ್ಜಿಗಳು ಬರಲೆಂದು ನಾವು ಆಶಿಸುತ್ತೇವೆ.