ಗ್ಲೈಡರ್ ಎಳೆಯುವ ವಿಮಾನ: ಎಂಜಿನ್ನಿನ ಬಿಸಿ, ಗಾಳಿಯ ವೇಗ



ನಾಯ್ಮಾರ್ಮೂಲೆಯಿಂದ ಚೆರ್ಕಳಕ್ಕೆ ಬಂದು, ಅಲ್ಲಿಂದ ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವ ಲಾರಿಗಳನ್ನು ನೀವು ನೋಡಿದವರೇ. ಹಿಂದೆ ತುಂಬಿದ ಹೊರೆ, ಮುಂದೆ ಚಡವು. ನಿಮ್ಮಲ್ಲಿ ಮಲಯಾಳ ಮನೆಮಾತಿನವರು ಅದನ್ನೇ ಕಯಟ್ಟಂ ಎನ್ನುತ್ತೀರಿ. ಎಂಜಿನ್ ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿಯುತ್ತಿರುತ್ತದೆ, ಗಾಡಿ ಮಾತ್ರ ಎರಡನೇ ಗಿಯರಿನಲ್ಲಿ ತೆವಳುತ್ತದೆ. ರೇಡಿಯೇಟರ್ ಕುದಿಯುವುದು ಇಂಥ ಹೊತ್ತಿನಲ್ಲೇ. ಡ್ರೈವರು ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಒಂದು ಬೀಡಿ ಮುಗಿಯುವವರೆಗೆ ಕಾಯುತ್ತಾನೆ. ಆದರೆ ಆಕಾಶದಲ್ಲಿ ಇದೇ ಅವಸ್ಥೆಯಾದರೆ ಬದಿಗೆ ನಿಲ್ಲಿಸುವುದೆಲ್ಲಿ? ಗ್ಲೈಡರನ್ನು ಎಳೆದುಕೊಂಡು ಮೇಲೇರುವ ವಿಮಾನದ ಚಾಲಕನಿಗೆ ದಿನವೂ ಎದುರಾಗುವ ಪ್ರಶ್ನೆ ಇದು.

ಗ್ಲೈಡರ್ ಎಂದರೆ ಎಂಜಿನ್ ಇಲ್ಲದ, ಉದ್ದ ರೆಕ್ಕೆಯ ವಿಮಾನ. ತೆಂಗಿನ ತೋಟದ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಗರುಡನಂತೆ, ಮೇಲೇಳುವ ಬಿಸಿಗಾಳಿಯನ್ನು ನೆಚ್ಚಿ ಹಾರುತ್ತದೆ. ಮೊದಲು ಅದನ್ನು ಎತ್ತರಕ್ಕೆ ಒಯ್ಯಬೇಕಷ್ಟೆ. ಅದಕ್ಕೆ ಎರಡು ದಾರಿ. ನೆಲದ ಮೇಲೆ ರಾಟೆಯಂಥ ಯಂತ್ರವಿಟ್ಟು, ಉದ್ದನೆಯ ತಂತಿಯನ್ನು ಸುತ್ತುತ್ತಾ ಗಾಳಿಪಟದಂತೆ ಎಬ್ಬಿಸುವುದು ಒಂದು. ಪುಣೆಯ ಹಡಪ್ಸರದ ಗ್ಲೈಡಿಂಗ್ ಕೇಂದ್ರದಲ್ಲಿ ನಡೆದುಬಂದ ಪದ್ಧತಿ ಅದು. ಎಂಜಿನ್ ಇರುವ ವಿಮಾನಕ್ಕೆ ಸುಮಾರು 60 ಮೀಟರ್ ಹಗ್ಗ ಕಟ್ಟಿ ಎಳೆಸುವುದು ಎರಡನೆಯದು.

ಕನ್ನಡ ನಾಡಿಗೂ ಗ್ಲೈಡರಿಗೂ ಹಳೆಯ ನಂಟಿದೆ. 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಹುಟ್ಟಿತು. ಜರ್ಮನಿಯ ಗಟಿಂಗೆನ್‌ನಲ್ಲಿ ಕಲಿತು ಬಂದ ಡಾ. ವಿ. ಎಂ. ಘಾಟಗೆಯವರು ಮರುವರ್ಷವೇ ಅಲ್ಲಿ ಜಿ-1 ಎಂಬ ಗ್ಲೈಡರನ್ನು ರೂಪಿಸಿದರು. ಯುದ್ಧಕಾಲದಲ್ಲಿ ಸೈನಿಕರನ್ನು ಒಯ್ಯಲೆಂದು ಯೋಚಿಸಿದ, ಹತ್ತು ಜನ ಕೂರುವ ಗ್ಲೈಡರ್ ಅದು. ಹತ್ತು ಜನರ ಹೊರೆ ಎಳೆಯುವುದೆಂದರೆ ಮುಂದಿನ ಎಂಜಿನ್ನಿಗೆ ಎಷ್ಟು ಕೆಲಸವೆಂದು ನೀವೇ ಊಹಿಸಿ.

ಈಗ ವಿಷಯಕ್ಕೆ ಬರೋಣ. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಭಾಗ ಕೆಲಸಕ್ಕೆ ಒದಗುತ್ತದೆ. ಉಳಿದದ್ದೆಲ್ಲ ಬಿಸಿ. ಒಂದು ಪಾಲು ಹೊಗೆಕೊಳವೆಯಿಂದ ಹೊರಗೆ ಹೋದರೆ, ಇನ್ನೊಂದು ಪಾಲನ್ನು ಸಿಲಿಂಡರುಗಳಿಂದ ತೆಗೆಯಬೇಕು. ಸಣ್ಣ ವಿಮಾನಗಳ ಹೆಚ್ಚಿನ ಎಂಜಿನ್ನುಗಳಲ್ಲಿ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಇರುವಂತೆ ಸಿಲಿಂಡರಿನ ಸುತ್ತ ತೆಳ್ಳಗಿನ ಲೋಹದ ಪಟ್ಟಿಗಳಿರುತ್ತವೆ. ಮೂತಿಯ ತೂತಿನಿಂದ ನುಗ್ಗಿದ ಗಾಳಿ ಈ ಪಟ್ಟಿಗಳ ನಡುವೆ ಹಾದು ಕೆಳಗಿನಿಂದ ಹೊರಬೀಳುತ್ತದೆ. ಅಂದರೆ ಎಂಜಿನ್ ತಣಿಯುವುದು ವಿಮಾನದ ಓಟದಿಂದಲೇ.

ಓಟ ಎಂದಾಗ ನೆಲದ ಲೆಕ್ಕ ಹಿಡಿಯಬೇಡಿ. ಚಂದ್ರಗಿರಿ ಹೊಳೆಯಲ್ಲಿ ನೀರಿಗೆ ಎದುರಾಗಿ ದೋಣಿ ಹೋಗುವಾಗ ದಡದಿಂದ ನೋಡಿದರೆ ನಿಧಾನ, ನೀರಿನ ಲೆಕ್ಕದಲ್ಲಿ ಜೋರು. ವಿಮಾನಕ್ಕೂ ಹಾಗೆಯೇ, ಅದರ ಸುತ್ತ ಗಾಳಿ ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದೇ ಮುಖ್ಯ. ಈ ಹರಿವಿನ ಒತ್ತಡ ವೇಗದ ವರ್ಗಕ್ಕೆ ಅನುಸಾರವಾಗಿ ಏರಿಳಿಯುತ್ತದೆ. ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಇರುವ ಒತ್ತಡಕ್ಕೆ ಹೋಲಿಸಿದರೆ, 110ರಲ್ಲಿ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ.

ತೊಡಕು ಇಲ್ಲಿದೆ. ಎಂಜಿನ್ ಬೇಡುವುದು ಹೆಚ್ಚು ವೇಗ. ಹಿಂದೆ ಇರುವ ಗ್ಲೈಡರಿಗೆ ಆ ವೇಗ ಸಲ್ಲದು. ಸಾಮಾನ್ಯ ಗ್ಲೈಡರುಗಳನ್ನು ಗಂಟೆಗೆ 100ರಿಂದ 130 ಕಿಲೋಮೀಟರಿನ ಆಸುಪಾಸಿನಲ್ಲಿ ಎಳೆಯುತ್ತಾರೆ. ಎಳೆಯುವಾಗ ಯಾವ ವೇಗವನ್ನು ಮೀರಬಾರದೆಂದು ಪ್ರತಿ ಗ್ಲೈಡರಿನ ಒಳಗೂ ಬರೆದು ಅಂಟಿಸಿರುತ್ತಾರೆ. ತೀರಾ ನಿಧಾನವಾದರೂ ಕಷ್ಟ. ಮುಂದಿನ ವಿಮಾನ ಕೆಳಕ್ಕೆ ತಳ್ಳಿದ ಗಾಳಿಯಲ್ಲಿ ಗ್ಲೈಡರಿನ ಹಿಡಿತ ಸಡಿಲುತ್ತದೆ. ಒಂಟಿಯಾಗಿ ಹಾಯಾಗಿ ಹಾರುವ ವೇಗದಲ್ಲೇ, ಹಗ್ಗದ ತುದಿಯಲ್ಲಿದ್ದಾಗ ಅದು ಜಡವಾಗಿ ತೂಗಾಡತೊಡಗುತ್ತದೆ. ಆದ್ದರಿಂದ ವೇಗವನ್ನು ನಿರ್ಧರಿಸುವುದು ಹಿಂದಿನವನ ಅಗತ್ಯ, ಬಿಸಿಯನ್ನು ತಿನ್ನುವುದು ಮುಂದಿನವನ ಎಂಜಿನ್.

ಹಾಗಾದರೆ ಚಾಲಕ ಮಾಡುವುದೇನು? ಅರ್ಧ ಕೆಲಸ ನೆಲದಲ್ಲೇ ಮುಗಿದಿರಬೇಕು. ಗಾಳಿಯನ್ನು ಸಿಲಿಂಡರುಗಳ ಕಡೆಗೆ ತಿರುಗಿಸುವ ತಗಡುಗಳ ಅಂಚಿನಲ್ಲಿ ರಬ್ಬರಿನ ಪಟ್ಟಿ ಇರುತ್ತದೆ. ಅದು ಹರಿದಿದ್ದರೆ ಗಾಳಿ ಅಡ್ಡದಾರಿ ಹಿಡಿದು ಸೋರಿಹೋಗುತ್ತದೆ. ಮೂತಿಯೊಳಗೆ ಹಕ್ಕಿ ಗೂಡು ಕಟ್ಟಿರುವುದೂ ಉಂಟು. ಎಣ್ಣೆಯ ಮಟ್ಟ ನೋಡಬೇಕು. ಹಗ್ಗ ಕಟ್ಟುವವರೆಗೆ ಕಾಯುವಾಗ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಬಾಲ ಗಾಳಿಗೆ ಕೊಟ್ಟು ನಿಂತರೆ ಓಡುವ ಮೊದಲೇ ಎಂಜಿನ್ ಕಾದಿರುತ್ತದೆ.

ಮೇಲೇರುವಾಗ ಇಂಧನದ ಮಿಶ್ರಣ ಸಾಂದ್ರವಾಗಿರಬೇಕು. ಹೆಚ್ಚಿನ ಪೆಟ್ರೋಲು ದಂಡವೆಂದು ಕಂಡರೂ ಸಿಲಿಂಡರನ್ನು ತಂಪಾಗಿಡುವುದೇ ಅದು. ಇಲ್ಲಿ ಉಳಿಸಿದ ಹಣ ವರ್ಕ್‌ಶಾಪಿಗೆ ಹೋಗುತ್ತದೆ. ಲೈಕಾಮಿಂಗ್ ಕಂಪೆನಿಯ ಎಂಜಿನ್ನುಗಳನ್ನೇ ತೆಗೆದುಕೊಳ್ಳಿ. ಅವುಗಳಲ್ಲಿ ಹೆಚ್ಚಿನವಕ್ಕೆ ಸಿಲಿಂಡರ್ ಹೆಡ್ಡಿನ ಮೇಲ್ಮಿತಿ ಸುಮಾರು 260 ಡಿಗ್ರಿ ಸೆಲ್ಸಿಯಸ್. ಆದರೆ ದೀರ್ಘಕಾಲ ಬಾಳಬೇಕಾದರೆ 220ರ ಆಚೆ ಹೋಗಗೊಡದಿರುವುದು ಲೇಸು. ಹಿಂದೆ ಒಂದೇ ಸಿಲಿಂಡರಿಗೆ ಒಂದು ಮುಳ್ಳಿನ ಮಾಪಕವಿರುತ್ತಿತ್ತು. ಈಗ ಪ್ರತಿ ಸಿಲಿಂಡರಿನ ಬಿಸಿಯನ್ನೂ ಬೇರೆಬೇರೆಯಾಗಿ ತೋರಿಸುವ ಸಾಧನಗಳಿವೆ.

ಅಂಕಿ ಏರುತ್ತಿದೆ ಎನ್ನಿ. ಮೂತಿಯನ್ನು ಸ್ವಲ್ಪ ತಗ್ಗಿಸಿ, ಗ್ಲೈಡರಿನ ಮಿತಿಯೊಳಗೇ ಐದೋ ಹತ್ತೋ ಕಿಲೋಮೀಟರ್ ವೇಗ ಕೂಡಿಸಿಕೊಳ್ಳುವುದು ಮೊದಲ ಉಪಾಯ. ಏರುವುದು ನಿಧಾನವಾಗುತ್ತದೆ, ಆಗಲಿ. ಗಾಬರಿಯಿಂದ ಥ್ರಾಟಲನ್ನು ಫಕ್ಕನೆ ಎಳೆಯುವುದು ಮಾತ್ರ ಕೂಡದು. ಮುಂದಿನ ವಿಮಾನ ಕುಗ್ಗಿದೊಡನೆ ಹಗ್ಗ ಸಡಿಲಾಗುತ್ತದೆ, ಗ್ಲೈಡರ್ ಮುನ್ನುಗ್ಗುತ್ತದೆ, ಮರುಗಳಿಗೆ ಹಗ್ಗ ಜಗ್ಗಿ ಹರಿಯಬಹುದು. ಐವತ್ತು ಮೀಟರ್ ಎತ್ತರದಲ್ಲಿ ಹಾಗಾದರೆ ಹಿಂದಿನವನಿಗೆ ಎದುರಿಗೆ ಕಂಡ ಗದ್ದೆಯೇ ಗತಿ. ಶಕ್ತಿ ತಗ್ಗಿಸುವುದಿದ್ದರೆ ಸಾಕಷ್ಟು ಎತ್ತರ ದೊರೆತ ಮೇಲೆ, ರೇಡಿಯೋದಲ್ಲಿ ಹೇಳಿ, ಮೆಲ್ಲಗೆ. ಎಂಜಿನ್ ನಿಜವಾಗಿ ಸೋಲುತ್ತಿದ್ದರೆ ರೆಕ್ಕೆಗಳನ್ನು ಎಡಬಲಕ್ಕೆ ತೂಗುವ ಸನ್ನೆಯಿದೆ. ಅದರ ಅರ್ಥ: ಈ ಕ್ಷಣವೇ ಹಗ್ಗ ಬಿಡು. ಗ್ಲೈಡರಿನವನು ಪ್ರಶ್ನೆ ಕೇಳದೆ ಬಿಡಬೇಕು.

ಮಾಪಕ ನೋಡುವುದರಲ್ಲೇ ಮೈಮರೆಯಲೂ ಬಾರದು. ಗ್ಲೈಡರ್ ತಪ್ಪಿ ಬಹಳ ಮೇಲಕ್ಕೆದ್ದರೆ ಹಗ್ಗ ಮುಂದಿನ ವಿಮಾನದ ಬಾಲವನ್ನು ಎತ್ತಿ, ಮೂತಿಯನ್ನು ನೆಲದ ಕಡೆಗೆ ತಿರುಗಿಸುತ್ತದೆ. ಎಳೆಯುವವರ ಪ್ರಾಣ ಇದರಿಂದ ಹೋದದ್ದಿದೆ. ಅದಕ್ಕೇ ಹಗ್ಗ ಕಳಚುವ ಹಿಡಿ ಎರಡೂ ಕಡೆ ಇರುತ್ತದೆ.

ಬೆಂಗಳೂರಿನಂಥ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಗಾಳಿ ತೆಳು. ಎಂಜಿನ್ನಿಗೆ ಬಲ ಕಡಿಮೆ, ತಂಪೂ ಕಡಿಮೆ. ಗ್ಲೈಡರಿಗೆ ಬೇಕಾದ ಬಿಸಿಗಾಳಿ ಚೆನ್ನಾಗಿ ಏಳುವುದೂ ಅದೇ ಹೊತ್ತಿನಲ್ಲಿ! ಹೀಗಾಗಿಯೇ ಎಳೆಯುವ ಕೆಲಸಕ್ಕೆ ಬಲವಾದ ಎಂಜಿನ್ ಆರಿಸುತ್ತಾರೆ. ನಮ್ಮ ಹಾರಾಟದ ಕ್ಲಬ್ಬುಗಳಲ್ಲಿ ಹೆಸರಾಗಿದ್ದ, ಬೆಂಗಳೂರಿನಲ್ಲೇ ತಯಾರಾದ ಪುಷ್ಪಕ್ ವಿಮಾನದ್ದು 90 ಅಶ್ವಶಕ್ತಿ. ಹೊರದೇಶಗಳಲ್ಲಿ ಗ್ಲೈಡರ್ ಎಳೆಯಲು ಬಳಸುವ ಪೈಪರ್ ಪಾನೀ ವಿಮಾನದ್ದು 235.

ಐದಾರು ನಿಮಿಷದಲ್ಲಿ 600 ಮೀಟರ್ ಮುಟ್ಟಿ ಗ್ಲೈಡರ್ ಕಳಚಿಕೊಂಡಿತು. ಅಪಾಯ ಮುಗಿಯಿತೆಂದು ಎಣಿಸಬೇಡಿ. ಕಾದ ಕಾವಲಿಗೆ ತಣ್ಣೀರು ಚಿಮುಕಿಸಿದರೆ ಚುಂಯ್ ಎನ್ನುವುದನ್ನು ಬಲ್ಲಿರಿ. ಬೆಂಕಿಯಂತೆ ಕಾದ ಎಂಜಿನ್ನಿನ ಥ್ರಾಟಲನ್ನು ಪೂರ್ತಿ ಮುಚ್ಚಿ, ಮೂತಿ ಬಗ್ಗಿಸಿ ಧುಮುಕಿದರೆ, ಒಳಗೆ ಉರಿಯಿಲ್ಲ, ಹೊರಗೆ ಬಿರುಗಾಳಿ. ಸಿಲಿಂಡರ್ ಹೆಡ್ಡುಗಳು ಬಿರುಕು ಬಿಡುವುದು ಇದರಿಂದಲೇ ಎಂದು ಹಲವರ ಅಭಿಪ್ರಾಯ. ಅಷ್ಟೇನೂ ಇಲ್ಲ, ಅತಿ ಬಿಸಿಯೇ ನಿಜವಾದ ಶತ್ರು ಎನ್ನುವ ತಜ್ಞರೂ ಇದ್ದಾರೆ. ಆದರೆ ಮೆಲ್ಲಗೆ ಇಳಿದರೆ ಕಳಕೊಳ್ಳುವುದು ಎರಡು ನಿಮಿಷ ಮಾತ್ರ. ನಿಮಿಷಕ್ಕೆ 28 ಡಿಗ್ರಿಗಿಂತ ಬೇಗನೆ ತಣಿಸಬೇಡಿ ಎಂದು ಲೈಕಾಮಿಂಗ್ ಕಂಪೆನಿಯೂ ಸೂಚಿಸುತ್ತದೆ. ಆದ್ದರಿಂದ ಶಕ್ತಿಯನ್ನು ಹಂತಹಂತವಾಗಿ ತಗ್ಗಿಸಿ, ಕೊಂಚ ಉರಿ ಉಳಿಸಿಕೊಂಡು, ಅವಸರವಿಲ್ಲದೆ ಸುತ್ತಿ ಇಳಿಯುವುದು ವಾಡಿಕೆ.

ಜೀಪು, ಲಾರಿ ಇಟ್ಟುಕೊಂಡವರಿಗೂ ಇದರಲ್ಲಿ ಕೆಲಸಕ್ಕೆ ಬರುವ ಮಾತಿದೆ. ಘಾಟಿ ಹತ್ತಿ ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬೇಡಿ, ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆರೆಯಬೇಡಿ. ಟರ್ಬೋ ಇರುವ ಗಾಡಿಯಾದರೆ ಬಂದ್ ಮಾಡುವ ಮೊದಲು ಒಂದೆರಡು ನಿಮಿಷ ಸುಮ್ಮನೆ ಓಡಗೊಡಿ. ಎಳೆಯುವ ವಿಮಾನದವನೂ ಕೆಳಗಿಳಿದು ಅದನ್ನೇ ಮಾಡುತ್ತಾನೆ: ಮೂತಿಯನ್ನು ಗಾಳಿಗೆ ತಿರುಗಿಸಿ, ಎಂಜಿನ್ನನ್ನು ಸಣ್ಣಗೆ ಓಡಗೊಟ್ಟು, ಮಾಪಕದ ಅಂಕಿ ಇಳಿಯುವುದನ್ನು ನೋಡುತ್ತಾ ಕುಳಿತಿರುತ್ತಾನೆ. ಅಷ್ಟರಲ್ಲಿ ಮುಂದಿನ ಗ್ಲೈಡರಿಗೆ ಹಗ್ಗ ಕಟ್ಟುತ್ತಿರುತ್ತಾರೆ.