ಮಳೆಯೂರಿಗೆ ಟೈಲ್ ಬೆಂಚು

ಮಲಪ್ರಭೆ ಹುಟ್ಟುವ ಕಣಕುಂಬಿಯ ದಾರಿಯಲ್ಲಿರುವ ಜಾಂಬೋಟಿಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ತೇವ. ಇಂಥ ಊರಿನ ರಸ್ತೆಬದಿಯ ಬೆಂಚಿಗೆ ಆಯುಷ್ಯ ಕಡಿಮೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರ ಕುಂಬಾಗುತ್ತದೆ, ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ. ಬಣ್ಣದ ಟೈಲ್ ಹೊದಿಸಿದ ಬೆಂಚು ಇಲ್ಲಿ ಬಾಳೀತೇ?

ಪ್ರಶ್ನೆ ಕೇವಲ ಅಲಂಕಾರದ್ದಲ್ಲ. ಹತ್ತಿರದ ಖಾನಾಪುರ ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಕಾಂಕ್ರೀಟ್ ಛಾವಣಿಗಳು ಬಂದ ಮೇಲೆ ಹೆಂಚಿಗೆ ಬೇಡಿಕೆ ಕುಗ್ಗಿದೆ. ಮಣ್ಣು ಬಲ್ಲ ಕೈಗಳಿಗೆ ಹೊಸ ಕೆಲಸ ಬೇಕು.

ಸುಮಾರು 900° ಸೆ.ನಲ್ಲಿ ಸುಟ್ಟ ಕೆಂಪುಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ಲೋಮನಾಳ ಕ್ರಿಯೆಯಿಂದ ಅದು ತನ್ನ ತೂಕದ ಶೇಕಡಾ 10ಕ್ಕೂ ಹೆಚ್ಚು ನೀರನ್ನು ಹೀರಬಲ್ಲದು. ಉಪ್ಪಿನಕಾಯಿಯ ಪಿಂಗಾಣಿ ಭರಣಿ ಹಾಗಲ್ಲ. 1200° ಸೆ. ಆಸುಪಾಸಿನಲ್ಲಿ ಅದರ ಮಣ್ಣಿನ ಒಂದಂಶ ಕರಗಿ, ಗಾಜಾಗಿ, ರಂಧ್ರಗಳನ್ನು ಮುಚ್ಚಿರುತ್ತದೆ. ಕೆಂಪುಮಣ್ಣನ್ನೂ ಅಷ್ಟೇ ಕಾಯಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅದರಲ್ಲಿರುವ ಕಬ್ಬಿಣದ ಆಕ್ಸೈಡು ಮಣ್ಣು ಬೇಗ ಕರಗಲು ನೆರವಾಗುತ್ತದೆ. ಅಷ್ಟು ಶಾಖಕ್ಕೆ ವಸ್ತು ಸೊಟ್ಟಗಾಗಿ ಉಬ್ಬೀತು. ಹಾಗಾಗಿ ಮೇಲೊಂದು ಗಾಜಿನ ಲೇಪ, ಅಂದರೆ ಗ್ಲೇಜ್, ಬೇಕು.

ಗಾಜು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಆದ್ದರಿಂದ ಲೇಪದ ಉಷ್ಣ ವ್ಯಾಕೋಚನ ಅಡಿಯ ಮಣ್ಣಿಗಿಂತ ತುಸು ಕಡಿಮೆಯಿರಬೇಕು. ಆಗ ಗೂಡಿನಿಂದ ತೆಗೆದು ಆರುವಾಗ ಮಣ್ಣು ಹೆಚ್ಚು ಕುಗ್ಗಿ ಲೇಪವನ್ನು ಒತ್ತಿ ಹಿಡಿಯುತ್ತದೆ. ಇದು ತಿರುವುಮುರುವಾದರೆ ಹಳೆಯ ಚಹಾ ಬಟ್ಟಲಿನಲ್ಲಿ ಕಾಣುವಂಥ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ನೀರು ಕುಡಿದ ಮಣ್ಣು ವರ್ಷಗಳಲ್ಲಿ ತಾನೂ ಕೊಂಚ ಉಬ್ಬುವುದರಿಂದ, ಇಂದು ಚೆನ್ನಾಗಿರುವ ಲೇಪವೂ ಮುಂದೆ ಬಿರಿಯಬಹುದು. ಜಾಂಬೋಟಿಯಲ್ಲಿ ಮುಖ್ಯ ಎಚ್ಚರಿಕೆ ಇದೇ. ಟೈಲಿನ ಬೆನ್ನು, ಅಂಚುಗಳಿಂದಲೂ ನೀರು ನುಗ್ಗದಂತೆ ನೋಡಿಕೊಳ್ಳಬೇಕು.

ಇನ್ನು ಕೆಳಗಿನ ಕಾಂಕ್ರೀಟು. ಒಂದು ಡಿಗ್ರಿಗೆ ಕಾಂಕ್ರೀಟು ದಶಲಕ್ಷದಲ್ಲಿ ಸುಮಾರು 10 ಭಾಗ, ಸುಟ್ಟ ಮಣ್ಣು ಸುಮಾರು 6 ಭಾಗ ಹಿಗ್ಗುತ್ತವೆ. ಬಿಸಿಲಲ್ಲಿ 60° ಸೆ.ಗೆ ಕಾದ 2 ಮೀಟರ್ ಬೆಂಚು ಮಳೆಗೆ 25°ಗೆ ಇಳಿಯಿತೆನ್ನಿ. ಕುಗ್ಗುವಿಕೆಯ ವ್ಯತ್ಯಾಸ 0.28 ಮಿ.ಮೀ. ಹೊದಿಕೆ ಒಂದೇ ಗಟ್ಟಿ ಪದರವಾಗಿದ್ದರೆ ಟೈಲುಗಳು ಎದ್ದು ಬರಲು ಇಷ್ಟು ಸಾಕು. 5 ಸೆ.ಮೀ. ಚೂರುಗಳಾದರೆ ತಲಾ ಪಾಲು 0.007 ಮಿ.ಮೀ. ಮಾತ್ರ, ನಡುವಿನ ಸಂದುಗಾರೆ ಅದನ್ನು ನುಂಗಿಕೊಳ್ಳುತ್ತದೆ.

1900ರಿಂದ 1914ರವರೆಗೆ ನಿರ್ಮಾಣವಾದ ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನಲ್ಲಿ ಗೌಡಿ ಮತ್ತು ಜುಜೋಲ್ ಹಾವಿನಂತೆ ಬಳುಕುವ ಬೆಂಚಿಗೆ ಒಡೆದ ಟೈಲು ಹಚ್ಚಿಸಿದ್ದು ಬಾಗಿದ ಮೈಗೆ ಚಪ್ಪಟೆ ಟೈಲು ಕೂರದೆಂದು. ಮೇಲಿನ ಲಾಭ ಉಚಿತವಾಗಿ ಸಿಕ್ಕಿತು! 1976ರಲ್ಲಿ ಸಾರ್ವಜನಿಕರಿಗೆ ತೆರೆದ ಚಂಡೀಗಢದ ನೇಕ್ ಚಂದ್ ಅವರ ಶಿಲೋದ್ಯಾನದಲ್ಲೂ ಇಂಥ ಚೂರುಗಳೇ ಇವೆ. ಒಡೆದ ಮಾಲು ಗೂಡಿನವರಿಗೆ ಹೇಗೂ ನಷ್ಟವೇ ಅಲ್ಲವೇ?

ಒದ್ದೆ ಗ್ಲೇಜ್ ಜಾರುತ್ತದೆ. ಕಾಲಿಡುವ ಕಡೆ ಲೇಪವಿಲ್ಲದ ಒರಟು ಟೈಲೇ ಇರಲಿ.

ಶಾಲೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹೆಂಚಿನ ಚೂರು, ನೆಲದ ವಿಟ್ರಿಫೈಡ್ ಟೈಲಿನ ಚೂರು ಎರಡನ್ನೂ ಚೆನ್ನಾಗಿ ಒಣಗಿಸಿ ತೂಗಿ. 24 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಿ. ಹೆಂಚಿನ ತೂಕ ಎದ್ದು ಕಾಣುವಷ್ಟು ಏರಿರುತ್ತದೆ. ಇನ್ನೊಂದರ ಏರಿಕೆ ಸಾಮಾನ್ಯ ತಕ್ಕಡಿಗೆ ಸಿಗುವುದೇ ಕಷ್ಟ.