ಕಣ್ಣು ಮಂಜಾದರೆ ಎದೆಯ ಎಕ್ಸ್-ರೇ ಯಾಕೆ?

ಕಣ್ಣು ಕೆಂಪಾಗಿರುವುದಿಲ್ಲ, ನೋವೂ ಇರುವುದಿಲ್ಲ. ಆದರೂ ಬಿಳಿ ಗೋಡೆ ನೋಡಿದರೆ ಕಪ್ಪು ಚುಕ್ಕೆಗಳು, ಜೇಡರ ಬಲೆಯಂಥ ಎಳೆಗಳು ತೇಲಾಡುತ್ತವೆ. ಬರಬರುತ್ತಾ ನೋಟ ಮಂಜಾಗುತ್ತದೆ. ಇಪ್ಪತ್ತು, ಮೂವತ್ತರ ಪ್ರಾಯದವರು ಕಂಪ್ಯೂಟರ್ ಮುಂದೆ ಕೂತ ಆಯಾಸವೆಂದು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಮಕ್ಕಳಂತೂ ಬಾಯಿಬಿಟ್ಟು ಹೇಳುವುದೇ ಇಲ್ಲ. ಶಾಲೆಯ ಕಣ್ಣಿನ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪುಣ್ಯ. ಇಂಟರ್‌ಮೀಡಿಯೇಟ್ ಯೂವಿಯೈಟಿಸ್ ಎಂಬ ಕಣ್ಣಿನೊಳಗಿನ ಉರಿಯೂತ ಹೀಗೆ ಸದ್ದಿಲ್ಲದೆ ಶುರುವಾಗುತ್ತದೆ. ತೇಲುವ ಚುಕ್ಕೆಗಳೆಲ್ಲ ರೋಗದ್ದೇ ಆಗಬೇಕಿಲ್ಲ, ವಯಸ್ಸಾದಂತೆ ಅನೇಕರಿಗೆ ಬರುತ್ತವೆ. ಆದರೆ ಹೊಸದಾಗಿ ಕಾಣಿಸಿಕೊಂಡರೆ, ಜೊತೆಗೆ ಮಂಜೂ ಇದ್ದರೆ, ಬರೀ ಕನ್ನಡಕದ ನಂಬರ್ ಬದಲಿಸಿಕೊಂಡು ಬರಬೇಡಿ.

ಕಣ್ಣುಗುಡ್ಡೆಯೊಳಗೆ ತುಂಬಿರುವ ತಿಳಿಲೋಳೆಯೇ ವಿಟ್ರಿಯಸ್. ಈ ಉರಿಯೂತದ ಮುಖ್ಯ ಜಾಗ ಅದು. ಹೆಚ್ಚಿನವರಿಗೆ ಎರಡೂ ಕಣ್ಣಿಗೆ ಬರುತ್ತದೆ. ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿ, ಹಣೆಗೆ ದೀಪ ಕಟ್ಟಿಕೊಂಡು, ರೆಪ್ಪೆಯ ಮೇಲಿಂದ ಗುಡ್ಡೆಯನ್ನು ಮೆಲ್ಲಗೆ ಒತ್ತುತ್ತಾ ರೆಟಿನಾದ ಅಂಚನ್ನು ಹುಡುಕಿ ನೋಡುತ್ತಾರೆ. ಸಾಮಾನ್ಯವಾಗಿ ಕೆಳಭಾಗದಲ್ಲಿ, ಉರಿಯೂತದ ಕಣಗಳು ಗುಂಪುಗಟ್ಟಿದ ಪುಟ್ಟ ಬಿಳಿ ಉಂಡೆಗಳು ಕಾಣುತ್ತವೆ. ಸ್ನೋಬಾಲ್ ಎನ್ನುವುದು ಇವಕ್ಕೇ.

ಆಮೇಲೆ ಬರುವ ಚೀಟಿ ನೋಡಿ ಮನೆಯವರಿಗೆ ಸಿಟ್ಟು ಬರುತ್ತದೆ: ಎದೆಯ ಎಕ್ಸ್-ರೇ, ಕ್ಷಯಕ್ಕೆ ಮಾಂಟೂ ಪರೀಕ್ಷೆ, ಸಿಫಿಲಿಸ್‌ಗೆ ರಕ್ತ ಪರೀಕ್ಷೆ, ಕೆಲವರಿಗೆ ಮೆದುಳಿನ ಎಂಆರ್‌ಐ. ದುಡ್ಡು ಕೀಳುವ ದಾರಿಯೆಂದು ಅನ್ನಿಸುವುದು ಸಹಜ. ಆದರೆ ಈ ರೋಗದಲ್ಲಿ ನಿಜಕ್ಕೂ ಕಾಪಾಡುವ ಹೆಜ್ಜೆ ಇದೇ ಎಂದು ನನ್ನ ನಂಬಿಕೆ. ಬಹಳ ಮಂದಿಯಲ್ಲಿ ಕಾರಣ ಸಿಗುವುದಿಲ್ಲ, ನಿಜ. ಕೆಲವರಲ್ಲಿ ಮಾತ್ರ ಇದರ ಹಿಂದೆ ಕ್ಷಯ, ಅಂಗಾಂಗಗಳಲ್ಲಿ ಉರಿಯೂತದ ಗಂಟು ಕಟ್ಟುವ ಸಾರ್ಕಾಯ್ಡೋಸಿಸ್ ಅಥವಾ ನರಗಳ ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಅಡಗಿರುತ್ತದೆ. ಕ್ಷಯ ಇನ್ನೂ ಮನೆಮಾಡಿರುವ ನಮ್ಮ ನಾಡಿನಲ್ಲಿ ಅದನ್ನು ನೋಡದೆ ಸ್ಟಿರಾಯ್ಡ್ ಕೊಟ್ಟರೆ ರೋಗಾಣುವಿಗೆ ದಾರಿ ಬಿಟ್ಟಂತೆ. 2016ರಲ್ಲಿ ಅಮೆರಿಕದಲ್ಲಿ ಸೋಂಕಿಲ್ಲದ ಯೂವಿಯೈಟಿಸ್‌ಗೆ ಒಪ್ಪಿಗೆ ಪಡೆದ ಅಡಾಲಿಮುಮಾಬ್ ಒಳ್ಳೆಯ ಔಷಧಿಯೇ. ಅದೂ ಮಲಗಿದ್ದ ಕ್ಷಯವನ್ನು ಎಬ್ಬಿಸಬಲ್ಲದು, ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನು ಕೆರಳಿಸಬಲ್ಲದು.

ದೃಷ್ಟಿಗೆ ದೊಡ್ಡ ಪೆಟ್ಟು ಬೀಳುವುದು ರೆಟಿನಾದ ನಡುವಿನ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊದಿಕೊಂಡಾಗ. ಓಸಿಟಿ ಸ್ಕ್ಯಾನ್ ಅದನ್ನು ಪದರ ಪದರವಾಗಿ ತೋರಿಸುತ್ತದೆ. ಹನಿ ಔಷಧಿ ಅಷ್ಟು ಒಳಕ್ಕೆ ಸರಿಯಾಗಿ ಇಳಿಯದು. ಹಾಗಾಗಿ ಕಣ್ಣಿನ ಪಕ್ಕಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಅಥವಾ ಮಾತ್ರೆ. ಅದನ್ನೇ ಬಹುಕಾಲ ನೆಚ್ಚಿಕೊಳ್ಳುವಂತಿಲ್ಲವಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್, ಮೈಕೋಫೆನೊಲೇಟ್. ಉರಿಯೂತ ತೀರಾ ಸೌಮ್ಯವಾಗಿದ್ದರೆ ಗಮನಿಸುತ್ತಾ ಕಾಯುವುದೂ ಉಂಟು.

ನೋಟ ತಿಳಿಯಾದೊಡನೆ ಮಾತ್ರೆ ಬಿಟ್ಟುಬಿಡುವವರು ಮತ್ತು ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ಸ್ಟಿರಾಯ್ಡ್ ಹನಿ ಕೊಳ್ಳುತ್ತಲೇ ಇರುವವರು, ಇಬ್ಬರದ್ದೂ ನನಗೆ ಚಿಂತೆ. ಡೋಸ್ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯಬೇಕು. ಸ್ಟಿರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಒತ್ತಡ ಅಳೆಸದೆ ತಿಂಗಳುಗಳು ಸರಿಯಬಾರದು. ಮಗು ಬೇಕೆಂದುಕೊಂಡಿರುವ ದಂಪತಿ ಮೊದಲೇ ವೈದ್ಯರಿಗೆ ಹೇಳಲಿ: ಗರ್ಭಿಣಿಯರು ಮೆಥೊಟ್ರೆಕ್ಸೇಟ್, ಮೈಕೋಫೆನೊಲೇಟ್ ಎರಡನ್ನೂ ತೆಗೆದುಕೊಳ್ಳುವಂತಿಲ್ಲ, ಔಷಧಿ ಬದಲಿಸಲು ಕಾಲಾವಕಾಶ ಬೇಕು.